ಮಗುಚಿ ಹಾಕಿದ ಪರಸಿ

ಕಳೆದ ಬೇಸಿಗೆಯಲ್ಲಿ ತಮ್ಮ ಫೋನ್ ಮಾಡಿ, ಊರ ಮನೆಯ ನೆಲ ಕೀಳಿಸುತ್ತಿದ್ದೇನೆ, ಒಮ್ಮೆ ಬಂದು ಹೋಗು ಎಂದ. ನೆಲಕ್ಕೆ ಹಾಸುವ ಪರಸಿ ಕಲ್ಲಿನ ಖಣಿ ನಡೆಸಿದವರ ಮಗ ಅವನು. ಈಗ ಶಹಾಬಾದಿನಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದಾನೆ. ಟೈಲ್ಸ್ ಮಾರುವವನ ಮನೆಯಲ್ಲೇ ಹಳೆಯ ಪರಸಿ ಇದ್ದರೆ ಗಿರಾಕಿಗಳು ನಗುವುದಿಲ್ಲವೇ ಎಂಬುದು ಅವನ ಚಿಂತೆ. ನನ್ನ ಮದುವೆ ಗೊತ್ತಾದದ್ದು ಆ ನೆಲದ ಮೇಲೆಯೇ. ಕೊನೆಯ ಸಲ ಬರಿಗಾಲಲ್ಲಿ ಓಡಾಡಿ ಬರೋಣವೆಂದು ಸೇಡಂನಿಂದ ಬೆಳಗಿನ ಬಸ್ಸು ಹಿಡಿದೆ.

ನಾನು ಹೋಗುವಷ್ಟರಲ್ಲಿ ಪಡಸಾಲೆಯ ಅರ್ಧ ನೆಲ ಎದ್ದಿತ್ತು. ಇಬ್ಬರು ಆಳುಗಳು ಕಬ್ಬಿಣದ ಸಬ್ಬಲ್ ಹಾಕಿ ಮೀಟುತ್ತಿದ್ದರು. ಎತ್ತಿದ ಪರಸಿಗಳನ್ನು ಅಂಗಳದ ಗೋಡೆಗೆ ಆನಿಸಿ ನಿಲ್ಲಿಸಿದ್ದರು. ಇಷ್ಟು ವರ್ಷ ನೆಲಕ್ಕೆ ಅಂಟಿಕೊಂಡಿದ್ದ ಮೈ ಈಗ ನಮ್ಮ ಕಡೆಗಿತ್ತು. ಒಂದರ ಮೇಲೆ ಮಣ್ಣಿನ ನಡುವೆ ಏನೋ ಕೆಂಪಗೆ ಕಂಡಿತು. ಸೆರಗಿನಿಂದ ಒರೆಸಿದೆ. ಅಂಗೈ ಅಗಲದ ಕೆಂಪು ಪಟ್ಟೆ. ಬೆರಳು ಒದ್ದೆ ಮಾಡಿಕೊಂಡು ತಿಕ್ಕಿದರೂ ಹೋಗಲಿಲ್ಲ.

"ಅಕ್ಕೋರೆ, ಇದೇನ್ ಬಣ್ಣರಿ? ಇನ್ನೂ ಭಾಳ ಕಲ್ಲಿಗಿ ಅದ," ಎಂದ ಆಳು.

ನನಗೆ ಗೊತ್ತಿತ್ತು ಅದೇನೆಂದು. ಕೆಮ್ಮಣ್ಣನ್ನು ಕುಸುಬಿ ಎಣ್ಣೆಯಲ್ಲಿ ಕಲಸಿ ಬಳಿದ ಗೆರೆ ಅದು. ನಮ್ಮ ಸುತ್ತಿನಲ್ಲಿ ಆ ಗೆರೆ ಎಳೆಯುತ್ತಿದ್ದವರು ಒಬ್ಬರೇ. ಆ ಗೆರೆ ಇರುವ ಕಲ್ಲು ನಮ್ಮ ಮನೆಯಲ್ಲಿ ಇರಲೇಬಾರದಿತ್ತು... ನಾನು ಅಂಗಳದಲ್ಲೇ, ಬಿಸಿಲಲ್ಲೇ ಕೂತುಬಿಟ್ಟೆ. ತಮ್ಮನ ಹೆಂಡತಿ ಬಿಸಿಲು ಹೊಡೆಯಿತೆಂದು ತಿಳಿದು ನೀರು ತಂದುಕೊಟ್ಟಳು.

ಅವರನ್ನು ನಾವು ಕಾಕಾ ಎಂದು ಕರೆಯುತ್ತಿದ್ದೆವು. ಊರಿನವರು ಗೆರಿ ಕಾಕಾ ಎನ್ನುತ್ತಿದ್ದರು. ರಕ್ತಸಂಬಂಧವೇನೂ ಅಲ್ಲ, ನಮ್ಮ ಮನೆಯಿಂದ ಎರಡು ಓಣಿ ಆಚೆ, ಬುದ್ಧನ ಪಟ ಹಾಕಿದ ನೀಲಿ ಬಾಗಿಲಿನ ಮನೆ ಅವರದು. ಕಲ್ಲು ಒಡೆಯುವ ಕೆಲಸ. ಕಲ್ಲಿಗೆ ಕಿವಿಗೊಟ್ಟು ಸುತ್ತಿಗೆಯಿಂದ ಒಮ್ಮೆ ತಟ್ಟಿ, ಪದರು ಎಲ್ಲಿ ಬಿಡುತ್ತದೆ ಎಂದು ಹೇಳುತ್ತಿದ್ದರು. ಅವರು ಹೇಳಿದ ಕಡೆ ಉಳಿ ಇಟ್ಟರೆ ಪರಸಿ ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ಓದು ಬರಹ ಬರುತ್ತಿರಲಿಲ್ಲ. ನನ್ನ ಪಾಟಿ ಪುಸ್ತಕ ನೋಡಿ, "ಅಕ್ಷರ ಅಂದ್ರ ಹಿಂಗ ದುಂಡಗಿರಬೇಕು ನೋಡವ್ವಾ," ಎಂದು ಹೊಗಳುತ್ತಿದ್ದರು. ಓದಲು ಬಾರದವರು ಹೊಗಳಿದ ಆ ಅಕ್ಷರದ ಬಗ್ಗೆ ನನಗೆ ಆಗಲೇ ಭಾರೀ ಜಂಬ.

ಶಹಾಬಾದಿನಿಂದ ಭಂಕೂರಿನ ಕಡೆ ಹೋಗುವ ದಾರಿಯಿಂದ ಒಳಕ್ಕೆ ಇಳಿದರೆ ನಮ್ಮ ಊರು. ಊರಿನ ಆಚೆ ಹಳೆ ಖಣಿ ಎಂಬ ದೊಡ್ಡ ಹೊಂಡ. ಎಂದೋ ಕಲ್ಲು ಮುಗಿದು, ಮಳೆನೀರು ತುಂಬಿ, ಕೆರೆಯಂತೆ ನಿಂತಿತ್ತು. ಖಣಿ ಕೂಲಿಯವರ ವಸ್ತಿಗೆ ಕುಡಿಯಲು, ತೊಳೆಯಲು, ದನಕ್ಕೆ, ಎಲ್ಲಕ್ಕೂ ಅದೇ ನೀರು. ಅದರ ಮಗ್ಗುಲಿಗೆ ಕೆಲಸ ನಡೆಯುವ ನಾಲ್ಕು ಖಣಿ ಸಾಲಾಗಿದ್ದವು, ಒಂದಕ್ಕಿಂತ ಒಂದು ಆಳ. ಮೂರನೆಯದು ಅಪ್ಪನದು; ಅದೇ ಎಲ್ಲಕ್ಕಿಂತ ಆಳ. ಉಳಿದ ಮೂರು, ಶಹಾಬಾದಿನ ಒಬ್ಬ ವ್ಯಾಪಾರಿ, ಒಬ್ಬ ನಿವೃತ್ತ ನೌಕರ ಮತ್ತು ಪಂಚಾಯ್ತಿ ಮೆಂಬರ್ ಒಬ್ಬರದು. ಹಳೆ ಖಣಿಯ ನೀರಿಗೂ ಈ ನಾಲ್ಕು ಖಣಿಗಳಿಗೂ ನಡುವೆ ಒಡೆಯದೆ ಬಿಟ್ಟ ಕಲ್ಲಿನ ಗೋಡೆಯೊಂದು ಉದ್ದಕ್ಕೂ ಇತ್ತು. ಅದನ್ನು ನಡುಗೋಡೆ ಎನ್ನುತ್ತಿದ್ದರು. ನೀರನ್ನು ಆ ಕಡೆ ಹಿಡಿದು ನಿಲ್ಲಿಸಿದ್ದು ಅದೇ. ವಸ್ತಿಯವರು ಊರಿಗೆ ಬರುವ ದಾರಿಯೂ ಅದರ ಮೇಲೆಯೇ. ನಾನು ಚಿಕ್ಕವಳಿದ್ದಾಗ ಅದರ ಮೇಲೆ ಎದುರುಬದುರು ಎರಡು ಬಂಡಿ ಆರಾಮಾಗಿ ಹಾಯುತ್ತಿದ್ದವು.

ಆ ಗೋಡೆಯನ್ನು ಯಾರೂ ಮುಟ್ಟಬಾರದು ಎಂಬುದು ನಾಲ್ವರ ಕರಾರು. ಕಾಗದ ಪತ್ರ ಏನೂ ಇಲ್ಲ. ಪ್ರತಿ ದಸರೆಯಲ್ಲಿ ಖಂಡೆ ಪೂಜೆಯ ದಿನ, ಸುತ್ತಿಗೆ ಸಬ್ಬಲ್‌ಗಳಿಗೆಲ್ಲ ಕುಂಕುಮ ಹಚ್ಚಿ ಕಾಯಿ ಒಡೆದ ಮೇಲೆ, ಗೋಡೆಯ ಮೇಲೆ ಗೆರೆ ಎಳೆಯುವುದು ರೂಢಿ. ಎಣ್ಣೆ ಕೆಮ್ಮಣ್ಣಿನಲ್ಲಿ ಅದ್ದಿದ ದಪ್ಪ ಹಗ್ಗ. ಅದರ ಒಂದು ತುದಿಯನ್ನು ಒಬ್ಬ ಖಣಿಯವನು ಹಿಡಿಯಬೇಕು, ಇನ್ನೊಂದು ತುದಿಯನ್ನು ಅವನ ಪಕ್ಕದವನು. ಯಾರೂ ತನ್ನ ಗೆರೆಯನ್ನು ತಾನೇ ಹಾಕಿಕೊಳ್ಳುವ ಹಾಗಿಲ್ಲ. ಪಕ್ಕದವನ ಕೈ ಅದರಲ್ಲಿ ಇರಲೇಬೇಕು. ಹಗ್ಗ ಬಿಗಿಯಾದ ಮೇಲೆ ಕಾಕಾ ನಡುವೆ ಬಾಗಿ, ಅದನ್ನು ಎತ್ತಿ ಕಲ್ಲಿಗೆ ಫಟ್ಟೆಂದು ಬಡಿಯುತ್ತಿದ್ದರು. ಆಮೇಲೆ ಅದರ ಗುಂಟ ಚಿಂದಿಯಿಂದ ಬಣ್ಣ ಬಳಿದು ಅಂಗೈ ಅಗಲ ಮಾಡುವುದು. ಗೆರೆಯ ಆಚೆ ಸಬ್ಬಲ್ ಇಡುವಂತಿಲ್ಲ. ಗೆರೆ ಬೀಳದೆ ಯಾವ ಖಣಿಯಲ್ಲೂ ಆ ವರ್ಷದ ಕೆಲಸ ಶುರುವಾಗುವಂತಿಲ್ಲ. ನಾಲ್ವರಲ್ಲಿ ಯಾವೊಬ್ಬನ ಖಾಯಂ ಕೂಲಿಯೂ ಅಲ್ಲದವನು, ಎಲ್ಲರಲ್ಲೂ ದುಡಿಯುವವನು ಎಂದು ಆ ಕೆಲಸಕ್ಕೆ ಕಾಕಾನನ್ನು ಆರಿಸಿದ್ದರು. ಅದಕ್ಕೆ ಅವರಿಗೆ ಸಿಗುತ್ತಿದ್ದುದು ಒಂದು ಟವೆಲ್ಲು, ಒಂದು ತೆಂಗಿನಕಾಯಿ ಮತ್ತು ಎಲ್ಲರಿಂದ ಒಂದು ನಮಸ್ಕಾರ.

ಇಷ್ಟು ಚೆಂದದ ಏರ್ಪಾಡು ಹೇಗೆ ಕೆಟ್ಟಿತು ಎಂದು ನಾನು ಈಗ ಯೋಚಿಸುತ್ತೇನೆ. ತಪ್ಪು ಆ ಗೆರೆಯಲ್ಲೇ ಇತ್ತು. ಯಾವ ಕಲ್ಲನ್ನು ಕೀಳಬಾರದೋ ಅದರ ಮೈಮೇಲೆಯೇ ಗೆರೆ ಎಳೆದಿದ್ದೆವು. ಕಲ್ಲು ಕಿತ್ತರೆ ಗೆರೆಯೂ ಅದರ ಜೊತೆಗೇ ಹೋಗುತ್ತದೆ. ಇದು ಅಷ್ಟೂ ಜನಕ್ಕೆ, ಅಷ್ಟು ವರ್ಷ ಹೊಳೆಯಲಿಲ್ಲವೋ, ಹೊಳೆದವರು ಸುಮ್ಮನಿದ್ದರೋ...

ಬೇರೆ ಕಡೆಯೆಲ್ಲ ನೀಲಿ ಪದರು ಮುಗಿಯುತ್ತ ಬಂದಿತ್ತು. ನೀಲಿ ಛಾಯೆಯ, ಒಂದು ಬಿರುಕಿಲ್ಲದ ಆ ಪರಸಿಗೆ ಬೇಡಿಕೆ ಭಾಳ. ಅದು ಉಳಿದದ್ದು ನಡುಗೋಡೆಯಲ್ಲಿ ಮಾತ್ರ. ಮೊದಲು ಯಾರು ಗೆರೆ ದಾಟಿದರು ಎಂಬುದು ಯಾರಿಗೂ ಗೊತ್ತಿಲ್ಲ. ನಾಲ್ಕೂ ಮನೆಯವರು ಉಳಿದ ಮೂವರ ಹೆಸರು ಹೇಳುತ್ತಾರೆ. ಒಂದು ಸಾಲು ಪರಸಿ ಹೋದರೆ ಗೋಡೆಗೇನೂ ಆಗುವುದಿಲ್ಲ ಎಂಬುದು ಪ್ರತಿಯೊಬ್ಬರ ಲೆಕ್ಕಾಚಾರ. ಅದು ಸುಳ್ಳೂ ಅಲ್ಲ. ಒಬ್ಬನ ಒಂದು ಸಾಲಿನಿಂದ ನಿಜಕ್ಕೂ ಏನೂ ಆಗುತ್ತಿರಲಿಲ್ಲ. ನಾಲ್ಕು ಜನ, ಆರು ವರ್ಷ ಎಂದು ಯಾರೂ ಯೋಚಿಸಲಿಲ್ಲ. ದಸರೆಗೆ ಮತ್ತೆ ಹಗ್ಗ ಹಿಡಿದಾಗ ಗೆರೆ ಒಂದು ಸಾಲು ಒಳಕ್ಕೆ ಬೀಳುತ್ತಿತ್ತು. ಒಂದು ತುದಿಯಲ್ಲಿ ಹಗ್ಗ ಹಿಡಿದವನು ಇನ್ನೊಂದು ತುದಿಯವನ ಕಡೆ ನೋಡುತ್ತಿರಲಿಲ್ಲ. ನೋಡಿದರೆ ಅವನೂ ತಿರುಗಿ ನೋಡುತ್ತಾನಲ್ಲ.

ಎರಡು ಬಂಡಿ ಹಾಯುತ್ತಿದ್ದ ದಾರಿಯಲ್ಲಿ ಒಂದೇ ಬಂಡಿ ಹಾಯುವಂತಾಯಿತು. ಮುಂದೆ ಬಂಡಿ ಬಿಟ್ಟು ಸೈಕಲ್ಲು. ಕೊನೆಗೆ ಕೊಡ ಹೊತ್ತ ಹೆಂಗಸರು ಒಬ್ಬರ ಹಿಂದೆ ಒಬ್ಬರು ಕಾಲು ನೋಡಿಕೊಂಡು ನಡೆಯುತ್ತಿದ್ದರು.

ಕಾಕಾ ಸುಮ್ಮನಿರಲಿಲ್ಲ. ಒಮ್ಮೆ ನಾಲ್ವರನ್ನೂ ಬೇವಿನ ಗಿಡದ ಕೆಳಗೆ ಕೂಡಿಸಿ, ನಾಲ್ಕೂ ಖಣಿಗಳನ್ನು ಒಂದೇ ಮಾಡಿ, ಕೂಡಿ ತೆಗೆಯಿರಿ, ಬಂದದ್ದನ್ನು ಹಂಚಿಕೊಳ್ಳಿರಿ, ಆಗ ಗೋಡೆಗೆ ಕೈ ಹಾಕುವ ಆಸೆಯೇ ಯಾರಿಗೂ ಇರುವುದಿಲ್ಲ ಎಂದು ಹೇಳಿದರಂತೆ. ಎಲ್ಲರೂ ತಲೆದೂಗಿದರು. ಸಹಕಾರಿ ಸಂಘ ಮಾಡೋಣ ಎಂದರು ಮೆಂಬರ್. ಅಪ್ಪನಂತೂ ಬಸವಣ್ಣನವರನ್ನು ನೆನೆದು ದಾಸೋಹದ ಮೇಲೆ ಒಂದು ಸಣ್ಣ ಭಾಷಣವನ್ನೇ ಮಾಡಿದರು. ಮಾತು ಅಧ್ಯಕ್ಷರು ಯಾರು ಎಂಬಲ್ಲಿಗೆ ಬಂದಾಗ ಚಹಾ ತಣ್ಣಗಾಯಿತು. ಮತ್ತೆ ಆ ಸಭೆ ಸೇರಲೇ ಇಲ್ಲ.

ಅಪ್ಪ ಕೆಟ್ಟವರಲ್ಲ. ಇದನ್ನು ಮಗಳಾಗಿ ಹೇಳುತ್ತಿಲ್ಲ, ಊರೇ ಹೇಳುತ್ತಿತ್ತು. ದಿನಾ ಲಿಂಗಪೂಜೆ ಆಗದೆ ಹನಿ ನೀರು ಮುಟ್ಟುತ್ತಿರಲಿಲ್ಲ. ಮನೆಗೆ ಬಂದವರು ಯಾರೇ ಇರಲಿ, ಉಣ್ಣದೆ ಹೋಗುವಂತಿರಲಿಲ್ಲ. ಕಾಕಾ ಬಂದರೆ ಹೊರಗೆ ನಿಲ್ಲಿಸುತ್ತಿರಲಿಲ್ಲ. ಅಜ್ಜಿ, ನಾವು ಆಯಿ ಎನ್ನುತ್ತಿದ್ದೆವು, ಎಷ್ಟು ಮುಖ ಗಂಟಿಕ್ಕಿದರೂ ಅವರನ್ನು ಪಡಸಾಲೆಯ ಕಂಬದ ಹತ್ತಿರ ಕೂಡಿಸಿ, ತಾವು ಕುಡಿಯುವ ಬಟ್ಟಲಲ್ಲೇ ಚಹಾ ಕೊಡಿಸುತ್ತಿದ್ದರು. ಆಗ ನಮ್ಮದು ಸೆಗಣಿ ಸಾರಿಸಿದ ಮಣ್ಣಿನ ನೆಲ. ಖಣಿಯವನ ಮನೆಯಲ್ಲಿ ಮಣ್ಣಿನ ನೆಲ! ಒಳ್ಳೆಯ ಕಲ್ಲೆಲ್ಲ ಮಾರಾಟಕ್ಕೆ ಹೋಗುತ್ತಿತ್ತು.

ಹಿತ್ತಲಲ್ಲಿ ಜೋಳದ ಕಣಿಕೆಯ ಬಣವೆಯ ಹಿಂದೆ ಪರಸಿಯ ಒಂದು ಒಟ್ಟಿಲು ಪ್ರತಿ ವರ್ಷ ಬೆಳೆಯುತ್ತಿತ್ತು. ಯಾವಾಗಲೂ ಮುಖ ಕೆಳಗೆ ಮಾಡಿ ಒಟ್ಟಿರುತ್ತಿದ್ದರು. ಒಮ್ಮೆ ಕೇಳಿದ್ದೆ. "ಅವು ಮಾರಾಕ ಬರಂಗಿಲ್ಲವ್ವ, ಐಬ್ ಅದಾವ," ಎಂದಿದ್ದರು ಅಪ್ಪ. ನಿಜವೇ. ಕೆಂಪು ಗೆರೆಯ ಕಲ್ಲನ್ನು ಶಹಾಬಾದಿನ ಯಾವ ಕಲ್ಲಿನ ವ್ಯಾಪಾರಿಯೂ ಕೊಳ್ಳುವ ಧೈರ್ಯ ಮಾಡುತ್ತಿರಲಿಲ್ಲ. ಆ ಗೆರೆ ಎಲ್ಲರಿಗೂ ಗೊತ್ತಿತ್ತು. ಅದರ ಹಿಂದಿನ ಗೆರೆಯಿಲ್ಲದ ಕಲ್ಲು ಮಾರಿಹೋಗುತ್ತಿತ್ತು. ಗೆರೆಯ ಕಲ್ಲು ಹಿತ್ತಲಿಗೆ ಬರುತ್ತಿತ್ತು. ಐಬು ಎಂದರೆ ಬಿರುಕೋ ತೂತೋ ಎಂದು ನಾನು ತಿಳಿದಿದ್ದೆ.

ನನಗೆ ಇಪ್ಪತ್ತೆರಡಾಗಿತ್ತು. ಟಿಸಿಎಚ್ ಮುಗಿಸಿ ನೌಕರಿಗೆ ಕಾಯುತ್ತಿದ್ದೆ. ಸೇಡಂನಿಂದ ಹೆಣ್ಣು ನೋಡಲು ಬರುವವರಿದ್ದರು. ಗಂಡಿನ ಕಡೆಯವರು ಸ್ಥಿತಿವಂತರು. ಸೆಗಣಿ ನೆಲದ ಮೇಲೆ ಅವರನ್ನು ಹೇಗೆ ಕೂಡಿಸುವುದು ಎಂದು ಅವ್ವ ಕಣ್ಣೀರು ಹಾಕಿದಳು. ಒಂದೇ ವಾರದಲ್ಲಿ ಅಪ್ಪ ಪಡಸಾಲೆಗೆ ಪರಸಿ ಹಾಸಿಸಿದರು. ಏನು ನೆಲ ಅದು! ನೀಲಿ ಛಾಯೆ, ಒಂದರ ಪಕ್ಕ ಒಂದು ಕೂದಲೆಳೆ ಸಂದಿಲ್ಲದಂತೆ. ಮೇ ತಿಂಗಳ ಉರಿಯಲ್ಲೂ ಮಲಗಿದರೆ ಬೆನ್ನು ತಂಪು. ಬಂದವರು ನೆಲ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಮರುವರ್ಷಕ್ಕೆ ಮದುವೆ ಗೊತ್ತಾಯಿತು.

ನೆಲ ಹಾಸಿದ ಮರುದಿನ ಕಾಕಾ ಬಂದಿದ್ದರು. ಹೊಸ್ತಿಲಲ್ಲಿ ನಿಂತು ನೆಲವನ್ನೇ ಬಹಳ ಹೊತ್ತು ನೋಡಿದರು. ಮೆಚ್ಚಿ ನೋಡುತ್ತಿದ್ದಾರೆ ಎಂದುಕೊಂಡು ನಾನು ಹಿಗ್ಗಿದೆ.

"ಬಾ ಕಾಕಾ, ಒಳಗ ಕುಂದ್ರು ಬಾ," ಎಂದೆ.

"ಇಲ್ಲೇ ಚಲೋ ಅದ ಬಿಡವ್ವಾ," ಎಂದು ಹೊರಗಿನ ಮೆಟ್ಟಿಲ ಮೇಲೆ ಕೂತರು. ಅಪ್ಪ ಒಳಗಿದ್ದರು, ಈ ಸಲ ಕರೆಯಲಿಲ್ಲ. ಆ ದಿನದಿಂದ ಕಾಕಾ ನಮ್ಮ ಹೊಸ್ತಿಲು ದಾಟಲಿಲ್ಲ. ಹೊಸ ನೆಲಕ್ಕೆ ಕಾಲಿನ ಧೂಳು ಆದೀತೆಂದು ಸಂಕೋಚ ಎಂದುಕೊಂಡೆ ನಾನು. ಆಯಿಗಂತೂ ಖುಷಿಯೋ ಖುಷಿ. "ಈಗರ ತನ್ನ ಜಾಗ ತಿಳಿದು ಕುಂಡ್ರಲಿಕತ್ತಾನ ನೋಡು," ಎಂದಳು. ನಾನು ಆ ಮಾತಿಗೆ ಸಿಟ್ಟಾದೆ, ಆದರೆ ಅದನ್ನು ನಂಬಿದೆ. ಇದು ನನಗೆ ಈಗ ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತದೆ.

ಆ ವರ್ಷದ ದಸರೆಗೆ ನಾನೂ ನಡುಗೋಡೆಗೆ ಹೋಗಿದ್ದೆ. ಪೂಜೆಯಾಯಿತು, ಕಾಯಿ ಒಡೆದರು. ಹಗ್ಗ ಹಿಡಿಯಲು ಅಪ್ಪ, ಮೆಂಬರ್ ಮುಂದೆ ಬಂದರು. ಕಾಕಾ ಹಗ್ಗವನ್ನು ಬಕೀಟಿನಿಂದ ಎತ್ತಲೇ ಇಲ್ಲ.

"ಹೋದ ವರ್ಷದ ಗೆರಿ ಎಲ್ಲದ ಹೇಳ್ರಿ. ಯಾರ್ಯಾರು ಎಷ್ಟೆಷ್ಟು ತೆಗದೀರಿ, ಬಾಯಿ ಬಿಟ್ಟು ಹೇಳ್ರಿ. ಆಮ್ಯಾಲ ಎಳೀತೀನಿ."

ವ್ಯಾಪಾರಿ ವಾಚು ನೋಡಿಕೊಂಡರು. ನಿವೃತ್ತರು ಕೆಮ್ಮಿದರು. ಅಪ್ಪ ಹಗ್ಗ ನೋಡುತ್ತ ನಿಂತಿದ್ದರು. ಸುತ್ತ ಕೂಲಿಯವರು ಕುಂಕುಮ ಹಚ್ಚಿದ ಸುತ್ತಿಗೆ ಹಿಡಿದು ಕಾಯುತ್ತಿದ್ದರು. ಚಿಂಚೋಳಿ ಕಡೆಯ ತಾಂಡಾಗಳಿಂದ ಹಿಂದಿನ ದಿನವಷ್ಟೇ ಬಂದಿಳಿದ ಸಂಸಾರಗಳೂ ಅಲ್ಲಿದ್ದವು. ಗಂಟುಮೂಟೆ ಇನ್ನೂ ಬಿಚ್ಚಿರಲಿಲ್ಲ. ಗೆರೆ ಬೀಳದಿದ್ದರೆ ಅವರಿಗೆ ಕೆಲಸವಿಲ್ಲ. ಬಿಸಿಲು ಏರಿತು. ಒಂದು ಕೂಸು ಅಳತೊಡಗಿತು. ಆ ಕೂಸಿನ ತಾಯಿ, ಕೈತುಂಬ ಬಳೆ ಹಾಕಿದ್ದ ಹೆಣ್ಣುಮಗಳು, ಮುಂದೆ ಬಂದು ಕೈ ಮುಗಿದು, "ಎಳದಬಿಡ್ರಿ ಕಾಕಾ," ಎಂದಳು.

ಕಾಕಾ ಅವಳ ಮುಖ ನೋಡಿದರು. ಬಾಗಿ ಹಗ್ಗ ಎತ್ತಿದರು. ಹೊಸ ಜಾಗದಲ್ಲಿ, ಇನ್ನೂ ಒಂದು ಸಾಲು ಒಳಗೆ, ಫಟ್ಟೆಂದು ಬಡಿದರು. ಅಂದು ಆ ಹಗ್ಗವನ್ನು ಅವರು ಕೈಯಿಂದ ಬಿಟ್ಟುಬಿಡಬೇಕಿತ್ತು ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅವರ ಜಾಗದಲ್ಲಿ ನಾನಿದ್ದರೆ ಬಿಡುತ್ತಿದ್ದೆನೇ... ಗೊತ್ತಿಲ್ಲ.

ಮರುವರ್ಷ ಹುಬ್ಬಿ ಮಳೆ ಒಂದು ವಾರ ಹಿಡಿದು ಸುರಿಯಿತು. ಹಳೆ ಖಣಿ ತುಂಬಿ ಅಂಚಿಗೆ ಬಂತು. ಆಮೇಲೆ ಎರಡು ದಿನ ಬಿಸಿಲು ಬಿತ್ತು. ಒಂದು ದೊಡ್ಡ ಆರ್ಡರ್ ಬಾಕಿ ಇತ್ತೆಂದು ಅಪ್ಪ ಪಂಪು ಹಚ್ಚಿ ನೀರು ತೆಗೆಸಿ ಕೂಲಿಯವರನ್ನು ಇಳಿಸಿದರು. ಬೇಡವೆಂದು ಕಾಕಾ ಮೆಟ್ಟಿಲ ಮೇಲೆ ಕೂತು ಹೇಳಿಹೋಗಿದ್ದರು. ಬೆಳಿಗ್ಗೆ ಹತ್ತರ ಸುಮಾರಿಗೆ ನಡುಗೋಡೆ ಒಡೆಯಿತು. ಒಡೆದದ್ದು ಮೆಂಬರ್ ಖಣಿಯ ಎದುರಿಗೆ. ನೀರು ನುಗ್ಗಿದ್ದು ಎಲ್ಲಕ್ಕಿಂತ ಆಳದ ನಮ್ಮ ಖಣಿಗೆ. ಆ ಸದ್ದು ಊರಿಗೆ ಕೇಳಿತು. ಉಳಿದವರು ಹತ್ತಿ ಬಂದರು. ಗಂಡ ಹೆಂಡತಿ ಇಬ್ಬರು ಬರಲಿಲ್ಲ. ಮೂರನೆಯ ದಿನ ನೀರು ತೆಗೆದ ಮೇಲೆ ಸಿಕ್ಕರು. ಬಳೆಗಳಿಂದ ಗುರುತು ಹಿಡಿದೆ ನಾನು... ಅವಳೇ. ಕೂಸು ವಸ್ತಿಯಲ್ಲಿ ಅಜ್ಜಿಯ ಹತ್ತಿರ ಇತ್ತು. ಹಳೆ ಖಣಿಯಲ್ಲಿ ಕೆಸರು ಉಳಿದಿತ್ತು. ವಸ್ತಿಗೆ ಕುಡಿಯುವ ನೀರೂ ಹೋಯಿತು.

ಆರು ವರ್ಷ ಒಬ್ಬರ ಮುಖ ಒಬ್ಬರು ನೋಡದೆ ಹಗ್ಗ ಹಿಡಿದಿದ್ದ ನಾಲ್ವರು ಹೆಣ ಸಿಕ್ಕ ಮರುದಿನ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ವೃತ್ತವಾಗಿ ಕೂತರು. ಎಂದೂ ಆಗದ ಸಹಕಾರ ಅಂದು ಆಯಿತು. ಅಧ್ಯಕ್ಷರು ಯಾರು ಎಂದು ಯಾರೂ ಕೇಳಲಿಲ್ಲ. ವಿಚಾರಣೆಗೆ ಬರುವವರಿಗೆ ಕೊಡಲು ಒಂದು ಅರ್ಜಿ ಬೇಕಿತ್ತು. ಮೆಂಬರ್ ಹೇಳುತ್ತ ಹೋದರು, ನಿವೃತ್ತರು ತಿದ್ದುತ್ತ ಹೋದರು. ಬರೆದದ್ದು ನಾನು. ಆ ಸುತ್ತಿನಲ್ಲಿ ನನ್ನಷ್ಟು ದುಂಡಗೆ ಬರೆಯುವವರು ಯಾರಿದ್ದರು?

ಅರ್ಜಿ ಹೀಗಿತ್ತು: ನಡುಗೋಡೆಯ ಗೆರೆ ಹಾಕುವ ಹೊಣೆ ಗೆರಿ ಕಾಕಾ ಎಂಬ ಈ ವ್ಯಕ್ತಿಯದು. ಗೆರೆ ವರ್ಷದಿಂದ ವರ್ಷಕ್ಕೆ ಒಳಕ್ಕೆ ಸರಿದದ್ದು ನಿಜ. ಸರಿಸಿ ಎಳೆದದ್ದು ಇವರ ಕೈಯೇ. ನಾವು ಇವರು ಎಳೆದ ಗೆರೆಯ ಒಳಗೇ ಕೆಲಸ ಮಾಡಿದೆವು. ಇಷ್ಟು. ಶಿಕ್ಷಕಿಯಾಗಿ ಎಷ್ಟೋ ಉತ್ತರ ಪತ್ರಿಕೆ ತಿದ್ದಿದ್ದೇನೆ. ಆ ಅರ್ಜಿಯಲ್ಲಿ ತಪ್ಪು ಹಾಕಬಹುದಾದ ವಾಕ್ಯ ಕೊನೆಯದೊಂದೇ. ಉಳಿದವೆಲ್ಲ ನಿಜ. ನಿಜಗಳನ್ನೇ ಆರಿಸಿ ಜೋಡಿಸಿ ಒಬ್ಬನ ಕೊರಳಿಗೆ ಕಟ್ಟಬಹುದು ಎಂಬುದನ್ನು ನಾನು ಅಂದು ಕಲಿತೆ. ಆದರೆ ಆ ಹೊತ್ತಿನಲ್ಲಿ ಅದು ನನಗೆ ಕಲಿಕೆಯೆಂದು ಕಾಣಲಿಲ್ಲ. ಅಪ್ಪ ಉಳಿಯಬೇಕು, ಮದುವೆ ನಿಲ್ಲಬಾರದು. ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ.

ಅದನ್ನು ಒಪ್ಪಿ ಹೆಬ್ಬೆಟ್ಟು ಹಾಕಲಿ ಎಂದು ಕಾಕಾನನ್ನು ಕರೆಸಿದರು. ಹೊಸ್ತಿಲ ಹೊರಗೆ ನಿಂತರು. ಅವರ ಹಿಂದೆ ಹದಿನೈದು ವರ್ಷದ ಮಗಳು. ಒಳಗೆ ಬಾ ಎಂದರು ಮೆಂಬರ್. ಬರಲಿಲ್ಲ. ನಾನು ಕೂತಲ್ಲಿಂದಲೇ ಅರ್ಜಿ ಓದಿದೆ. ನನ್ನ ದನಿ ನಡುಗಲಿಲ್ಲ ಎಂದು ನೆನಪು. ಕೇಳಿ ಮುಗಿಸಿ ಕಾಕಾ ನಾಲ್ವರ ಕಡೆ ನೋಡಲಿಲ್ಲ, ನನ್ನನ್ನೇ ನೋಡಿದರು.

"ಎಲ್ಲಾ ಖರೇನೇ ಬರದೀಯವ್ವಾ. ಇನ್ನೊಂದು ಮಾತು ಅದ. ನೀ ಕುಂತೀಯಲ್ಲ, ಅದರ ಬುಡ್ಕ ಏನದ, ಅದನ್ನೂ ಬರಿ."

ಅಪ್ಪನ ಮುಖ ಬಿಳಿಚಿದ್ದನ್ನು ನಾನು ಕಂಡೆ. ಮಣ್ಣಿಗೆ ಹೋಗುವ ಮಾತಾಡಿ ಶಾಪ ಹಾಕುತ್ತಿದ್ದಾರೆ ಎಂದು ನನಗೆ ಅನ್ನಿಸಿತು. ಹೆದರಿಕೆಯಾಯಿತು, ಸಿಟ್ಟೂ ಬಂತು. ಸತ್ತವರು ಇಬ್ಬರು ಇರುವಾಗ ಮದುವೆಯ ಮನೆಗೆ ಇಂಥ ಮಾತೇ ಎಂದುಕೊಂಡೆ. ಲೇಖನಿಯ ಮುಚ್ಚಳ ಹಾಕಿದೆ. ಕಾಕಾ ಹೆಬ್ಬೆಟ್ಟು ಹಾಕಲಿಲ್ಲ. ಅದಿಲ್ಲದೆಯೂ ಅರ್ಜಿ ನಡೆಯಿತು. ನಾಲ್ಕು ಸಹಿ ಇದ್ದವಲ್ಲ.

ಪೊಲೀಸರು ಕಾಕಾನನ್ನು ಕರೆದುಕೊಂಡು ಹೋದರು, ಕೆಲವು ದಿನ ಇಟ್ಟುಕೊಂಡರು, ಬಿಟ್ಟರು. ಕೇಸು ಎಷ್ಟೋ ವರ್ಷ ಎಳೆದಾಡಿ ಸಾಕ್ಷಿಯಿಲ್ಲದೆ ಸತ್ತಿತು. ಆದರೆ ಊರಿನಲ್ಲಿ ಅವರ ಕೈಗೆ ಸುತ್ತಿಗೆ ಕೊಡುವವರು ಇರಲಿಲ್ಲ. ವಸ್ತಿಯವರೇ, ಯಾರಿಗಾಗಿ ಅಂದು ಹಗ್ಗ ಎತ್ತಿದ್ದರೋ ಅವರೇ, ಇವನೇ ಗೆರೆ ಸರಿಸಿದವ ಎಂದು ಉಗಿದರು. ನೀಲಿ ಬಾಗಿಲಿಗೆ ಬೀಗ ಬಿತ್ತು. ಮಗಳನ್ನು ಕರೆದುಕೊಂಡು ವಾಡಿಗೆ ಹೋದರು ಎಂದು ಕೇಳಿದೆ. ಮಾಘದಲ್ಲಿ ನನ್ನ ಮದುವೆಯಾಯಿತು.

ಅವರನ್ನು ಇನ್ನೊಂದೇ ಸಲ ನೋಡಿದ್ದು. ನನಗೆ ಚಿತ್ತಾಪುರ ತಾಲ್ಲೂಕಿನ ದಂಡೋತಿಯ ಹತ್ತಿರದ ಶಾಲೆಯಲ್ಲಿ ನೌಕರಿಯಾಗಿ ಕೆಲವು ವರ್ಷ ಕಳೆದಿದ್ದವು. ವಾಡಿ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಲು ಇಳಿದಿದ್ದೆ. ಪ್ಲಾಟ್‌ಫಾರಂನ ತುದಿಯಲ್ಲಿ ಹಮಾಲರ ಜೊತೆ ಕೂತಿದ್ದರು. ತುಂಬ ಬಾಡಿದ್ದರು. ನೋಡದಂತೆ ಹೋಗಿಬಿಡಬಹುದಿತ್ತು, ಅವರೇ ಎದ್ದು ನಿಂತರು. ಮಕ್ಕಳೆಷ್ಟು, ಅಪ್ಪ ಆರಾಮ ಅದಾರೇನು ಎಂದು ಕೇಳಿದರು. ಗಾಡಿ ಬರುವ ಗಂಟೆ ಹೊಡೆದಾಗ ಒಂದು ಮಾತು ಕೇಳಿದರು.

"ಮನಿ ಪರಸಿ ತಂಪ ಅದಾವೇನವ್ವಾ?"

"ಹೌದು ಕಾಕಾ, ಭಾಳ ತಂಪ ಅದಾವ," ಎಂದೆ ನಾನು. ನಗುತ್ತ ಎಂದೆ. ಅವರೂ ತಲೆಯಾಡಿಸಿದರು.

ಅಂಗಳದಲ್ಲಿ ಕೂತು ನಾನು ಇದನ್ನೆಲ್ಲ ನೆನೆಯುತ್ತಿದ್ದಾಗ ಆಳುಗಳು ಉಳಿದ ನೆಲ ಎತ್ತಿ ಮುಗಿಸಿದರು. ಸುಮಾರು ಅರ್ಧದಷ್ಟು ಪರಸಿಗಳಿಗೆ ಗೆರೆ ಇತ್ತು. ಕೆಲವು ಮಾಸಿದ್ದವು, ಕೆಲವು ಮೊನ್ನೆ ಬಳಿದಂತಿದ್ದವು; ಆರು ದಸರೆಯ ಗೆರೆಗಳು. ಅರ್ಜಿ ಬರೆಯುವಾಗ ನಾನು ಯಾವ ಕಂಬದ ಹತ್ತಿರ ಕೂತಿದ್ದೆನೋ ಅಲ್ಲಿಯ ಕಲ್ಲನ್ನು ಹುಡುಕಿದೆ. ಅದಕ್ಕೂ ಇತ್ತು. ಕಾಕಾ ತಮ್ಮ ಜಾಗ ತಿಳಿದು ಹೊರಗೆ ಕೂತವರಲ್ಲ. ಕದ್ದ ನೆಲದ ಮೇಲೆ ಕಾಲಿಡಲು ಒಪ್ಪದವರು. ಅವರು ಶಾಪವನ್ನೂ ಹಾಕಿರಲಿಲ್ಲ. ಇದ್ದುದನ್ನು ಇದ್ದ ಹಾಗೆ ಹೇಳಿದ್ದರು. ಒಂದು ಸಬ್ಬಲ್ ಹಾಕಿ ಮೀಟಿದ್ದರೆ ಅಂದೇ ಮುಗಿಯುತ್ತಿತ್ತು.

ಕೇಳಲು ಅಪ್ಪ ಬದುಕಿರಲಿಲ್ಲ; ತಮ್ಮನಿಗೆ ತೋರಿಸಿದೆ. ಅವನು ಕಲ್ಲನ್ನೂ ನನ್ನನ್ನೂ ನೋಡಿ ದನಿ ತಗ್ಗಿಸಿದ. "ಅಕ್ಕಾ, ಈಗ ಅದನ್ನೆಲ್ಲ ಕೆದರಬ್ಯಾಡ. ಮೆಂಬರ್ರ ಮಗ ಗುತ್ತೇದಾರ ಆಗ್ಯಾನ. ನನ್ನ ಅಂಗಡಿ ಅರ್ಧ ನಡಿಯೂದೇ ಅವನ ಮ್ಯಾಲ." ಸಂಜೆಯಾಗುವುದರೊಳಗೆ ಪರಸಿಗಳನ್ನೆಲ್ಲ ಟ್ರಾಕ್ಟರಿಗೆ ಹೇರಿ ಹಳೆ ಖಣಿಗೆ ಸುರಿಸಿಬಿಟ್ಟ. ನಾನು ತಡೆಯಲಿಲ್ಲ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡಿದ್ದೆ, ಅಷ್ಟೇ.

ಮುಂದಿನ ಭಾನುವಾರ ವಾಡಿಗೆ ಹೋದೆ. ಕೇಳುತ್ತ ಕೇಳುತ್ತ ಕಾಕಾನ ಮಗಳ ಮನೆ ಸಿಕ್ಕಿತು. ಅಂಗನವಾಡಿಯಲ್ಲಿ ಸಹಾಯಕಿ. ಕೂದಲು ನರೆತಿತ್ತು, ಹುಬ್ಬು ಮಾತ್ರ ಥೇಟ್ ಕಾಕಾನದು. ನನ್ನ ಗುರುತು ತಕ್ಷಣ ಹಿಡಿದಳು. ಕಾಕಾ ಹೋಗಿ ಹನ್ನೊಂದು ವರ್ಷವಾಯಿತು ಎಂದಳು. ಬಾಗಿಲಲ್ಲೇ ನಿಂತು ಫೋಟೋ ತೋರಿಸಿದೆ. ಕನ್ನಡಕ ತಂದು ಹಾಕಿಕೊಂಡು ನೋಡಿದಳು. ಮೊಬೈಲು ವಾಪಸು ಕೊಟ್ಟಳು.

"ಅಪ್ಪಗ ಗೊತ್ತಿತ್ರಿ. ನಾಕೂ ಮನ್ಯಾಗಿನ ಕಲ್ಲು ಗೊತ್ತಿತ್ತು. ಕಲ್ಲು ನೋಡಿದ್ರ ಎಲ್ಲೀದು ಅಂತ ತಿಳೀತಿತ್ತಲ್ಲ ಅವಗ."

"ಮತ್ತ ಯಾಕ ಹೇಳಲಿಲ್ಲ? ಒಂದು ಮಾತು ಹೇಳಿದ್ರ..." ಎಂದೆ. ಕೇಳುವಾಗ ನನ್ನ ದನಿಯಲ್ಲಿ ತುಸು ಆಕ್ಷೇಪವೂ ಇತ್ತು. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

"ಹೇಳಿದ್ನಲ್ರಿ ಅಕ್ಕೋರೆ. ಬ್ಯಾರೆ ಯಾರಿಗೂ ಅಲ್ಲ, ನಿಮಗೇ ಹೇಳಿದ್ದ. ಬುಡ್ಕ ಏನದ ಅದನ್ನೂ ಬರಿ ಅಂದಿದ್ದ. ನಾ ಅವನ ಬೆನ್ನ ಹಿಂದೇ ನಿಂತಿದ್ದೆ. ಅಕ್ಷರ ಬಲ್ಲ ಹುಡುಗಿ, ಅಕಿ ಬರೀತಾಳ ಅಂತ ದಾರಿ ತುಂಬಾ ಅನಕೋತ ಬಂದ. ನೀವು ಬರೀಲಿಲ್ಲ."

ಸಿಟ್ಟಿನಿಂದ ಹೇಳಲಿಲ್ಲ ಅವಳು. ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟಳು. ಹೊಸ್ತಿಲ ಆಚೆ ಸೆಗಣಿ ಸಾರಿಸಿದ ಮಣ್ಣಿನ ನೆಲ ಕಾಣುತ್ತಿತ್ತು. ಒಳಗೆ ಬರ್ರಿ ಎಂದು ಅವಳು ಅನ್ನಲಿಲ್ಲ. ನಾನು ನೀರು ಕುಡಿದು, ಲೋಟವನ್ನು ಮೆಟ್ಟಿಲ ಮೇಲೆ ಇಟ್ಟು ಬಂದೆ.

ಈಗ ಬರೆದಿದ್ದೇನೆ. ಅಕ್ಷರ ಇಂದಿಗೂ ದುಂಡಗೇ ಇದೆ. ನೋಡಿ ಹೇಳಲು ಕಾಕಾ ಇಲ್ಲ.